ಬಾಡಿಗೆಯ ಮೋಟಾರ್ ಸೈಕಲ್ಲೂ ಆಲ್ಪ್ಸ್ ಘಾಟಿಯೂ

ಇಟಲಿ ದೇಶದ ಉತ್ತರ ಭಾಗದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯನ್ನು ದಾಟುವ ಸ್ಟೆಲ್ವಿಯೊ ಎಂಬ ಘಾಟಿಯಿದೆ. ಅದರ ನೆತ್ತಿ ಸಮುದ್ರಮಟ್ಟದಿಂದ ೨,೭೫೭ ಮೀಟರ್ ಎತ್ತರದಲ್ಲಿದೆ. ಉತ್ತರದ ತಪ್ಪಲಿನ ಪ್ರಾಟೊ ಎಂಬ ಊರಿನಿಂದ ನೆತ್ತಿಯವರೆಗೆ ಸುಮಾರು ೨೫ ಕಿಲೋಮೀಟರ್ ದೂರ. ಅಷ್ಟರಲ್ಲಿ ೪೮ ಹೇರ್‌ಪಿನ್ ತಿರುವುಗಳು. ನಮ್ಮ ಆಗುಂಬೆ ಘಾಟಿಯ ೧೪ ತಿರುವುಗಳನ್ನು ಕಂಡವರು ಅದರ ಮೂರರಷ್ಟಕ್ಕೂ ಹೆಚ್ಚಿನ ತಿರುವುಗಳು ಒಂದೇ ಬೆಟ್ಟದ ಮೈಮೇಲೆ ಸುತ್ತಿಕೊಂಡಿರುವುದನ್ನು ಊಹಿಸಿಕೊಳ್ಳಬಹುದು. ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುವ ಈ ದಾರಿ ಬೇಸಗೆಯಲ್ಲಿ ತೆರೆಯುತ್ತಲೇ ನಾನಾ ದೇಶಗಳ ಮೋಟಾರ್ ಸೈಕಲ್ ಸವಾರರು ಅಲ್ಲಿಗೆ ಧಾವಿಸುತ್ತಾರೆ.

ಅವರಲ್ಲಿ ಎಲ್ಲರೂ ಸ್ವಂತ ವಾಹನವುಳ್ಳವರಲ್ಲ. ಮ್ಯೂನಿಕ್, ಇನ್ಸ್‌ಬ್ರುಕ್ ಮೊದಲಾದ ನಗರಗಳಲ್ಲಿ ಮೋಟಾರ್ ಸೈಕಲ್ಲುಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡುವ ನಮ್ಮ ನಾಡಿನ ತರುಣರಿಗೂ ರಜೆಯ ನಾಲ್ಕು ದಿನಗಳಲ್ಲಿ ಇಂಥ ಪ್ರವಾಸ ಕೈಗೊಳ್ಳುವ ಅವಕಾಶವಿದೆ. ಅಂಗಡಿಯ ಬಾಗಿಲಲ್ಲಿ ನಿಂತವನಿಗೆ ಏಳುವ ಮೊದಲ ಪ್ರಶ್ನೆ ಇದು: ಸಾಲಾಗಿ ನಿಂತಿರುವ ಇಷ್ಟೊಂದು ವಾಹನಗಳಲ್ಲಿ ನನಗೆ ತಕ್ಕದ್ದು ಯಾವುದು? ಸಾಧಾರಣವಾಗಿ ಕಣ್ಣು ಅತ್ಯಂತ ದೊಡ್ಡ ಯಂತ್ರದ ಕಡೆಗೆ ಹರಿಯುತ್ತದೆ. ಬೆಟ್ಟ ದೊಡ್ಡದಾದುದರಿಂದ ಯಂತ್ರವೂ ದೊಡ್ಡದಿರಬೇಕೆಂಬುದು ಸಹಜವಾದ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ಪರೀಕ್ಷಿಸಬಹುದು.

ಹೋಲಿಕೆಗಾಗಿ ಎರಡು ವಾಹನಗಳನ್ನು ತೆಗೆದುಕೊಳ್ಳೋಣ. ಒಂದು, ೨೦೧೮ರಲ್ಲಿ ಹೊರಬಂದ ಬಿ.ಎಂ.ಡಬ್ಲ್ಯು. ಆರ್ ೧೨೫೦ ಜಿ.ಎಸ್. ಇದರ ಯಂತ್ರದ ಗಾತ್ರ ೧,೨೫೪ ಘನ ಸೆಂಟಿಮೀಟರ್, ಸಾಮರ್ಥ್ಯ ೧೩೬ ಅಶ್ವಶಕ್ತಿ, ತೂಕ ೨೪೯ ಕಿಲೋಗ್ರಾಂ. ಇನ್ನೊಂದು ಅದೇ ಹೆಸರಿನ ಕಿರಿಯ ವಾಹನ, ಜಿ ೩೧೦ ಜಿ.ಎಸ್. ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ಟಿ.ವಿ.ಎಸ್. ಸಂಸ್ಥೆಯ ಕಾರ್ಖಾನೆಯಲ್ಲಿ ತಯಾರಾಗಿ ೨೦೧೭ರಲ್ಲಿ ಯೂರೋಪಿನ ಪೇಟೆಗೆ ಹೋದದ್ದು ಇದು. ಯಂತ್ರದ ಗಾತ್ರ ೩೧೩ ಘನ ಸೆಂಟಿಮೀಟರ್, ಸಾಮರ್ಥ್ಯ ೩೪ ಅಶ್ವಶಕ್ತಿ, ತೂಕ ಸುಮಾರು ೧೭೦ ಕಿಲೋಗ್ರಾಂ.

ಏರುವುದಕ್ಕೆ ಎಷ್ಟು ಶಕ್ತಿ ಬೇಕು?

ಸ್ಟೆಲ್ವಿಯೊ ರಸ್ತೆಯನ್ನು ಕಟ್ಟಿದ್ದು ಮೋಟಾರುಗಳಿಗಾಗಿ ಅಲ್ಲ. ಲೊಂಬಾರ್ಡಿ ಪ್ರಾಂತವು ಆಸ್ಟ್ರಿಯ ಚಕ್ರಾಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ಅದನ್ನು ಟಿರೋಲ್ ಪ್ರಾಂತದೊಡನೆ ಕೂಡಿಸುವುದಕ್ಕಾಗಿ, ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ೧೮೨೦ರಿಂದ ೧೮೨೫ರ ಅವಧಿಯಲ್ಲಿ ಇದನ್ನು ನಿರ್ಮಿಸಿದನು. ಆಗ ಈ ದಾರಿಯನ್ನು ಹತ್ತಬೇಕಾಗಿದ್ದುದು ಕುದುರೆ ಗಾಡಿಗಳು. ಹೊರೆಯೆಳೆಯುವ ಕುದುರೆ ಕಡಿದಾದ ಏರನ್ನು ಹತ್ತಲಾರದು. ಆದುದರಿಂದ ದಾರಿಯನ್ನು ಉದ್ದಮಾಡಿ, ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ, ಏರನ್ನು ಸೌಮ್ಯಗೊಳಿಸಲಾಯಿತು. ಒಟ್ಟು ಏರು ಸುಮಾರು ೧,೮೪೦ ಮೀಟರ್; ಎಂದರೆ ನೂರು ಮೀಟರ್ ಮುಂದೆ ಹೋದರೆ ಸರಾಸರಿ ಏಳೂವರೆ ಮೀಟರಿನಷ್ಟು ಮೇಲಕ್ಕೆ ಹೋದಂತಾಯಿತು. ಏರಿನ ಕಾಠಿಣ್ಯವನ್ನು ಎಂಜಿನಿಯರ್ ತಿರುವುಗಳಾಗಿ ಮಾರ್ಪಡಿಸಿದನೆಂದು ಹೇಳಬಹುದು. ನಮ್ಮ ಆಯ್ಕೆಯ ಸೂತ್ರವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಕಿರಿಯ ವಾಹನ, ಸವಾರ, ಸಾಮಾನು ಎಲ್ಲ ಸೇರಿ ೩೦೦ ಕಿಲೋಗ್ರಾಂ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಈ ಏರನ್ನು ಹತ್ತಲು, ಗುರುತ್ವಾಕರ್ಷಣೆಯ ವಿರುದ್ಧ ವ್ಯಯವಾಗುವುದು ನಾಲ್ಕಕ್ಕಿಂತ ಸ್ವಲ್ಪವೇ ಹೆಚ್ಚು ಅಶ್ವಶಕ್ತಿ. ಗಾಳಿಯ ತಡೆಗೆ ಒಂದು, ಚಕ್ರಗಳ ಉರುಳಿಕೆಗೆ ಒಂದು ಎಂದು ಸೇರಿಸಿದರೂ ಏಳು ಅಶ್ವಶಕ್ತಿಯನ್ನು ಮುಟ್ಟುವುದಿಲ್ಲ. ಮೂವತ್ತನಾಲ್ಕು ಇರುವಲ್ಲಿ ಏಳು ಸಾಕಾಯಿತು!

ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಯಂತ್ರ ಸೊರಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ನಿಜ, ಸೊರಗುತ್ತದೆ. ಸಿಲಿಂಡರಿನೊಳಗೆ ಪೆಟ್ರೋಲ್ ಉರಿಯಲು ಆಮ್ಲಜನಕ ಬೇಕು. ಘಾಟಿಯ ನೆತ್ತಿಯಲ್ಲಿ ವಾಯುವಿನ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲಿನಷ್ಟು ಮಾತ್ರ. ಆದುದರಿಂದ ಯಂತ್ರದ ಸಾಮರ್ಥ್ಯದಲ್ಲಿಯೂ ಹೆಚ್ಚುಕಡಮೆ ಕಾಲುಭಾಗ ನಷ್ಟವಾಗುತ್ತದೆ. ಮೂವತ್ತನಾಲ್ಕು ಅಶ್ವಶಕ್ತಿ ಇಪ್ಪತ್ತಾರರ ಸುಮಾರಿಗೆ ಇಳಿಯುತ್ತದೆ. ಹಳೆಯ ಕಾರ್ಬ್ಯುರೇಟರುಗಳಲ್ಲಿ ತೆಳುಗಾಳಿಗೆ ಪೆಟ್ರೋಲ್ ಹೆಚ್ಚಾಗಿ ಬೆರೆತು ಹೊಗೆ ಕಾರುವ ತೊಂದರೆಯೂ ಇತ್ತು. ಇಂದಿನ ಯಂತ್ರಗಳಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ವಿದ್ಯುತ್ ಸಾಧನವು ಗಾಳಿಯ ಒತ್ತಡವನ್ನು ತಾನೇ ಗ್ರಹಿಸಿ ಮಿಶ್ರಣವನ್ನು ಸರಿಪಡಿಸುತ್ತದೆ. ಇಷ್ಟಾದರೂ ಬೇಕಾದುದಕ್ಕಿಂತ ಮೂರುಪಟ್ಟಿಗೂ ಹೆಚ್ಚು ಶಕ್ತಿ ಕಿರಿಯ ವಾಹನದಲ್ಲಿ ಮಿಗುತ್ತದೆ.

ಹೆದ್ದಾರಿಯ ಮಾತು ಬೇರೆ

ಹಾಗಾದರೆ ದೊಡ್ಡ ಯಂತ್ರದಿಂದ ಪ್ರಯೋಜನವೇ ಇಲ್ಲವೆ? ಉಂಟು; ಆದರೆ ಬೆಟ್ಟದ ಮೇಲಲ್ಲ, ಬಯಲಿನ ಹೆದ್ದಾರಿಯಲ್ಲಿ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಗಾಳಿಗೆ ತೆರಬೇಕಾದದ್ದು ಎರಡು ಅಶ್ವಶಕ್ತಿಗಿಂತ ಕಡಮೆ. ವೇಗವನ್ನು ೧೨೦ಕ್ಕೆ ಇಮ್ಮಡಿಗೊಳಿಸಿದರೆ ಅದು ಎಂಟು ಪಟ್ಟಾಗಿ, ಹದಿನೈದನ್ನು ಮುಟ್ಟುತ್ತದೆ. ಚಕ್ರಗಳ ಪಾಲನ್ನೂ ಕೂಡಿಸಿದರೆ ಕಿರಿಯ ಯಂತ್ರ ತನ್ನ ಶಕ್ತಿಯ ಅರ್ಧಕ್ಕೂ ಹೆಚ್ಚನ್ನು ಎಡೆಬಿಡದೆ ಸುರಿಯುತ್ತ ಓಡಬೇಕು. ಅದರ ಅದುರು ಸವಾರನ ಕೈಗಳಿಗೆ ಆಯಾಸವನ್ನು ತರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡಿದ್ದರೆ ಮುಂದಿನ ಲಾರಿಯನ್ನು ದಾಟಿಹೋಗಲು ಉಳಿಯುವ ಶಕ್ತಿ ಅಲ್ಪವಾಗುತ್ತದೆ.

ಆದುದರಿಂದ ಬಾಡಿಗೆ ಹಿಡಿಯುವ ಮೊದಲು ಭೂಪಟವನ್ನು ಬಿಡಿಸಿ ಲೆಕ್ಕ ಹಾಕುವುದು ಯುಕ್ತ. ಮ್ಯೂನಿಕ್‌ನಿಂದ ಹೊರಟು ದಿನಕ್ಕೆ ನಾನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಸಾಗುವವನಿಗೆ, ಇಬ್ಬರು ಕೂಡಿ ಹೋಗುವವರಿಗೆ, ೫೦೦ರಿಂದ ೭೦೦ ಘನ ಸೆಂಟಿಮೀಟರಿನ ನಡುಗಾತ್ರದ ಯಂತ್ರ ಒಪ್ಪುತ್ತದೆ. ಬೆಟ್ಟದ ಸಮೀಪದ ಊರಿನಲ್ಲಿಯೇ ವಾಹನ ಪಡೆದು ಘಾಟಿಗಳಲ್ಲಿ ಸುತ್ತುವ ಒಂಟಿ ಸವಾರನಿಗೆ ಅದಕ್ಕಿಂತ ಚಿಕ್ಕದೂ ಸಾಕು.

ತಿರುವಿನ ಲೆಕ್ಕ

ಈಗ ಮುಖ್ಯವಾದ ಸಂಗತಿಗೆ ಬರೋಣ. ತಿರುಗುವ ಮೋಟಾರ್ ಸೈಕಲ್ ಒಳಗಡೆಗೆ ವಾಲಲೇಬೇಕು. ಎಷ್ಟು ವಾಲಬೇಕೆಂಬುದನ್ನು ನಿರ್ಧರಿಸುವುವು ಎರಡೇ: ವೇಗ ಮತ್ತು ತಿರುವಿನ ತ್ರಿಜ್ಯ. ವೇಗದ ವರ್ಗವನ್ನು, ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ವಾಲುವ ಕೋನದ ಸ್ಪರ್ಶಕ ದೊರೆಯುತ್ತದೆ. ೧೦ ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ೨೦ ಕಿಲೋಮೀಟರ್ ವೇಗಕ್ಕೆ ೧೭ ಡಿಗ್ರಿಯಷ್ಟು ವಾಲಿದರೆ ಸಾಕು. ೩೦ ಕಿಲೋಮೀಟರಿಗೆ ೩೫ ಡಿಗ್ರಿ ಬೇಕು. ೪೦ ಕಿಲೋಮೀಟರಿಗೆ ೫೧ ಡಿಗ್ರಿ ದಾಟುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಸಾಮಾನ್ಯ ಟೈರಿನ ಹಿಡಿತ ೪೫ ಡಿಗ್ರಿಯ ಆಸುಪಾಸಿನಲ್ಲಿ ಮುಗಿದುಹೋಗುವುದರಿಂದ, ಆ ವೇಗದಲ್ಲಿ ಜಾರಿ ಬೀಳುವುದು ನಿಶ್ಚಯ.

ಈ ಸೂತ್ರದಲ್ಲಿ ವಾಹನದ ತೂಕವಿಲ್ಲ, ಅಶ್ವಶಕ್ತಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ೧೩೬ ಅಶ್ವಶಕ್ತಿಯ ವಾಹನವೂ ೩೪ ಅಶ್ವಶಕ್ತಿಯ ವಾಹನವೂ ಹೇರ್‌ಪಿನ್ ತಿರುವನ್ನು ಹೆಚ್ಚುಕಡಮೆ ಒಂದೇ ವೇಗದಲ್ಲಿ ದಾಟಬೇಕು. ಅಲ್ಲಿ ಬೇಕಾದದ್ದು ಗರಿಷ್ಠ ಶಕ್ತಿಯಲ್ಲ. ಯಂತ್ರ ನಿಧಾನವಾಗಿ ಸುತ್ತುತ್ತಿರುವಾಗಲೂ ಜಗ್ಗದೆ, ಕೆಮ್ಮದೆ, ಸಮನಾಗಿ ಎಳೆಯುವ ಗುಣ.

ನಮ್ಮ ಸವಾರರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಭಾರತದಲ್ಲಿ ನಾವು ರಸ್ತೆಯ ಎಡಗಡೆಯಲ್ಲಿ ಚಲಿಸುವುದರಿಂದ ನಮಗೆ ಎಡತಿರುವು ಕಿರಿದು, ಬಲತಿರುವು ಅಗಲ. ಆಲ್ಪ್ಸ್ ದೇಶಗಳಲ್ಲಿ ಬಲಗಡೆಯ ಸಂಚಾರ. ಅಲ್ಲಿ ಬಲತಿರುವು ಒಳಸುತ್ತಾಗಿ ಅತ್ಯಂತ ಕಿರಿದಾಗುತ್ತದೆ. ಒಳಸುತ್ತಿನಲ್ಲಿ ಏರೂ ಹೆಚ್ಚು ಕಡಿದಾಗಿರುತ್ತದೆ. ಕೈಗೂ ಕಣ್ಣಿಗೂ ಆದ ಅಭ್ಯಾಸವೆಲ್ಲ ತಲೆಕೆಳಗಾಗುವ ಇಂಥ ಸ್ಥಳದಲ್ಲಿ ಹಗುರವಾದ ವಾಹನ ದೊಡ್ಡ ಆಸರೆ.

ಭಾರವೂ ದೇಹವೂ

ಏಕೆಂದರೆ ಮೋಟಾರ್ ಸೈಕಲ್ಲುಗಳು ಉರುಳುವುದು ವೇಗದಲ್ಲಿ ಮಾತ್ರವಲ್ಲ. ಎದುರಿಗೆ ಬಸ್ಸು ಬಂದು ತಿರುವಿನ ನಡುವೆ ನಿಲ್ಲಬೇಕಾದಾಗ, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಬೇಕಾದಾಗ ಅವು ಪಕ್ಕಕ್ಕೆ ಬೀಳುತ್ತವೆ. ನೆಟ್ಟಗೆ ನಿಂತ ವಾಹನದ ಗುರುತ್ವಕೇಂದ್ರ ಚಕ್ರಗಳ ನೇರಕ್ಕೆ ಮೇಲಿರುವುದರಿಂದ ಒಂದು ಬೆರಳಿನಿಂದಲೂ ಅದನ್ನು ಹಿಡಿದಿರಬಹುದು. ವಾಲಿತೆಂದರೆ ಭಾರವೆಲ್ಲ ಕೈಗೆ ಬರಲು ತೊಡಗುತ್ತದೆ. ಗುರುತ್ವಕೇಂದ್ರ ನೆಲದಿಂದ ೬೦ ಸೆಂಟಿಮೀಟರ್, ಹಿಡಿ ಒಂದು ಮೀಟರ್ ಎತ್ತರದಲ್ಲಿವೆಯೆಂದು ಭಾವಿಸೋಣ. ೨೦ ಕಿಲೋಗ್ರಾಂ ಸಾಮಾನು ಹೊತ್ತ ಕಿರಿಯ ವಾಹನ ೧೦ ಡಿಗ್ರಿ ವಾಲಿದಾಗ ಅದನ್ನು ತಡೆಯಲು ೨೦ ಕಿಲೋಗ್ರಾಂ ಭಾರದಷ್ಟು ಬಲ ಬೇಕು, ಹಿರಿಯದಕ್ಕೆ ೨೮. ವಾಲಿಕೆ ೨೦ ಡಿಗ್ರಿಯಾದರೆ ಕಿರಿಯದಕ್ಕೆ ೩೯, ಹಿರಿಯದಕ್ಕೆ ೫೫. ಐವತ್ತೈದು ಕಿಲೋಗ್ರಾಮಿನ ಬಲವನ್ನು ಇಳಿಜಾರಿನಲ್ಲಿ ನಿಂತು ಪಕ್ಕಕ್ಕೆ ಪ್ರಯೋಗಿಸುವುದು ಬಹುಮಂದಿಯ ಶಕ್ತಿಗೆ ಮೀರಿದ್ದು.

ಇದರಿಂದ ಮೂರು ನಿಯಮಗಳು ದೊರೆಯುತ್ತವೆ. ಆಸನದ ಮೇಲೆ ಕುಳಿತಾಗ ಎರಡು ಪಾದಗಳ ಮುಂಭಾಗವಾದರೂ ನೆಲಕ್ಕೆ ಭದ್ರವಾಗಿ ಊರಬೇಕು. ಕುಳ್ಳಗಿರುವವರು ೮೦೦ ಮಿಲಿಮೀಟರಿಗಿಂತ ತಗ್ಗಾದ ಆಸನವುಳ್ಳ ವಾಹನವನ್ನು ಕೇಳಿ ಪಡೆಯಬೇಕು. ಸಾಮಾನನ್ನು ಹಿಂದಿನ ಎತ್ತರದ ಪೆಟ್ಟಿಗೆಯಲ್ಲಿ ತುಂಬದೆ, ಪಕ್ಕದ ಚೀಲಗಳಲ್ಲಿ ತಗ್ಗಾಗಿ, ಎರಡು ಕಡೆಗೂ ಸಮನಾಗಿ ಹಂಚಬೇಕು. ಹಣ ಕೊಡುವ ಮೊದಲು ಅಂಗಡಿಯ ಅಂಗಳದಲ್ಲಿ ವಾಹನವನ್ನು ಇಳಿದು ತಳ್ಳಿ, ಅತಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ ನೋಡಬೇಕು.

ಇಳಿಯುವ ದಾರಿ

ಏರಿದವನು ಇಳಿಯಲೇಬೇಕಷ್ಟೆ. ೩೦೦ ಕಿಲೋಗ್ರಾಂ ಭಾರವನ್ನು ೧,೮೪೦ ಮೀಟರ್ ಏರಿಸಿದಾಗ ಅದರಲ್ಲಿ ಸಂಗ್ರಹವಾಗುವ ವಿಭವಶಕ್ತಿ, ೧೬ ಲೀಟರ್ ನೀರನ್ನು ೨೦ ಡಿಗ್ರಿ ಸೆಂಟಿಗ್ರೇಡಿನಿಂದ ಕುದಿಯುವವರೆಗೆ ಕಾಯಿಸಬಲ್ಲದು. ಇಳಿಯುವಾಗ ಇದರ ಅರ್ಧದಷ್ಟನ್ನು ಗಾಳಿಯೂ ಚಕ್ರಗಳೂ ನುಂಗಿದರೂ, ಉಳಿದರ್ಧ ಎಲ್ಲಿಗಾದರೂ ಹೋಗಬೇಕು. ಸವಾರ ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಆ ಶಾಖವೆಲ್ಲ ಅಂಗೈಯಗಲದ ಉಕ್ಕಿನ ತಟ್ಟೆಗಳಿಗೆ ಸೇರುತ್ತದೆ. ಬ್ರೇಕಿನ ದ್ರವ ಹಳೆಯದಾಗಿ ತೇವಾಂಶ ಹೀರಿದ್ದರೆ ಅದರ ಕುದಿಬಿಂದು ತಗ್ಗಿರುತ್ತದೆ. ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ ಒತ್ತಡ ಗುಳ್ಳೆಗಳನ್ನು ಅಮುಕುವುದರಲ್ಲಿಯೇ ಮುಗಿದು ಬ್ರೇಕು ಹಿಡಿಯದಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದು ಯಂತ್ರವೇ ವಾಹನವನ್ನು ತಡೆಹಿಡಿಯುವಂತೆ ಮಾಡುವುದು ಇದಕ್ಕೆ ಪರಿಹಾರ. ಚಕ್ರ ನಿಂತು ಜಾರದಂತೆ ಕಾಯುವ ಬ್ರೇಕಿನ ವ್ಯವಸ್ಥೆ, ಎಂದರೆ ಎ.ಬಿ.ಎಸ್., ೨೦೧೭ರಿಂದ ಯೂರೋಪ್ ಒಕ್ಕೂಟದಲ್ಲಿ ೧೨೫ ಘನ ಸೆಂಟಿಮೀಟರ್ ಮೀರಿದ ರಸ್ತೆಯ ಹೊಸ ಮೋಟಾರ್ ಸೈಕಲ್ಲುಗಳಿಗೆ ಕಡ್ಡಾಯವಾಗಿದೆ. ಅದು ಜಾರುವುದನ್ನು ತಪ್ಪಿಸೀತೇ ಹೊರತು ಶಾಖವನ್ನು ತಪ್ಪಿಸಲಾರದು.

ಇನ್ನು ಚಳಿ. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ತಪ್ಪಲಿನಲ್ಲಿ ೨೫ ಡಿಗ್ರಿಯಿದ್ದರೆ ನೆತ್ತಿಯಲ್ಲಿ ೧೩. ತಣ್ಣಗಾದ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಡಮೆಯಾಗುತ್ತದೆ. ಮರಗಟ್ಟಿದ ಬೆರಳು ಬ್ರೇಕನ್ನು ತಡವಾಗಿ ಒತ್ತುತ್ತದೆ. ಗಾಳಿ ನುಸುಳದ ಕೈಗವಸು ಇಲ್ಲಿ ಅಲಂಕಾರದ ವಸ್ತುವಲ್ಲ.

ಅಂಗಡಿಯಲ್ಲಿ

ವಾಹನವನ್ನು ಆರಿಸಿದ ಮೇಲೆ ಅದನ್ನು ಪರೀಕ್ಷಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ: ೨೩೨೪ ಎಂದಿದ್ದರೆ ೨೦೨೪ರ ಇಪ್ಪತ್ತಮೂರನೆಯ ವಾರ. ಟೈರಿನ ಗೀರುಗಳ ಆಳ ೧.೬ ಮಿಲಿಮೀಟರಿಗಿಂತ ಕಡಮೆಯಿರುವುದು ಕಾನೂನಿಗೇ ವಿರುದ್ಧ; ಮಳೆಯ ಬೆಟ್ಟಕ್ಕೆ ಅದರ ಇಮ್ಮಡಿಯಾದರೂ ಇರುವುದು ಮೇಲು. ಚೈನಿನ ಸಡಿಲ, ಬ್ರೇಕಿನ ಪಟ್ಟಿಯ ದಪ್ಪ, ದೀಪಗಳು ಇವನ್ನು ನೋಡಿ, ಮೊದಲೇ ಇರುವ ಗೀಚುಗಳ ಛಾಯಾಚಿತ್ರ ತೆಗೆದುಕೊಂಡರೆ, ಹಿಂದಿರುಗಿಸುವಾಗ ಠೇವಣಿಯ ವಿಷಯದಲ್ಲಿ ವಿವಾದವೇಳದು.

ಕಾಗದಪತ್ರಗಳನ್ನು ಅಲಕ್ಷಿಸುವಂತಿಲ್ಲ. ನಮ್ಮ ಸಾರಿಗೆ ಕಚೇರಿಗಳು ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ೧೯೪೯ರ ಜಿನೀವಾ ಒಪ್ಪಂದವನ್ನು ಅನುಸರಿಸಿದ್ದು. ಇಟಲಿ, ಆಸ್ಟ್ರಿಯಗಳು ಆ ಒಪ್ಪಂದಕ್ಕೆ ಸೇರಿವೆ. ಜರ್ಮನಿಯಲ್ಲಿ ನೆಲಸಿ ಓದುವವರ ಭಾರತೀಯ ಪರವಾನಗಿ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ ಸಲ್ಲುತ್ತದೆ. ಕಾರಿನ ಪರವಾನಗಿ ಮೋಟಾರ್ ಸೈಕಲ್ಲಿಗೆ ಸಾಲದು. ಅನೇಕ ಪ್ರವಾಸ ವಿಮೆಗಳು ಯಂತ್ರದ ಗಾತ್ರಕ್ಕೆ ಮಿತಿಯನ್ನು ವಿಧಿಸಿರುತ್ತವೆ. ಆ ಮಿತಿಯನ್ನು ಮೀರಿದ ವಾಹನದಿಂದ ಬಿದ್ದು ಕಾಲು ಮುರಿದರೆ ಆಸ್ಪತ್ರೆಯ ವೆಚ್ಚವೆಲ್ಲ ವಿದ್ಯಾರ್ಥಿಯ ತಲೆಯ ಮೇಲೆಯೇ ಬೀಳುತ್ತದೆ.

ಒಟ್ಟಿನಲ್ಲಿ ಆಯ್ಕೆಯ ಕ್ರಮ ಹೀಗಿರಬೇಕು: ಮೊದಲು ದಾರಿ, ಅನಂತರ ಸವಾರನ ದೇಹ, ಆಮೇಲೆ ಹೊರೆ, ಕೊನೆಯಲ್ಲಿ ಯಂತ್ರದ ಗಾತ್ರ. ಅಂಗಡಿಯ ಫಲಕದಲ್ಲಿ ಮಾತ್ರ ಅಶ್ವಶಕ್ತಿಯನ್ನು ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಇನ್ನೂರು ವರ್ಷಗಳ ಹಿಂದೆ ಕುದುರೆಗಳ ಮೇಲಣ ಕರುಣೆಯಿಂದಲೋ ಎಂಬಂತೆ ಸೌಮ್ಯವಾಗಿ ಕಟ್ಟಿದ ರಸ್ತೆ, ಸವಾರನಿಂದ ಬಲಕ್ಕಿಂತ ಹೆಚ್ಚಾಗಿ ಹತೋಟಿಯನ್ನು ಬಯಸುತ್ತದೆ. ನಲವತ್ತೆಂಟು ತಿರುವುಗಳಲ್ಲಿಯೂ ತನ್ನ ಮಾತು ಕೇಳುವಂಥ ವಾಹನವನ್ನು ಆರಿಸಿಕೊಂಡವನು ಬೆಟ್ಟವನ್ನು ನೋಡಿ ಸುಖವಾಗಿ ಹಿಂದಿರುಗಬಲ್ಲನು.