ಎರಡು ಆಲಿಕೆಗಳು

ಎಣ್ಣೆಯ ಅಂಗಡಿಯಲ್ಲಿ ಬೆಳೆದ ಹುಡುಗನ ಕೈಗೆ ಹಿರಿಯರು ಮೊದಲು ಕೊಡುವ ಉಪಕರಣ ಆಲಿಕೆ. ಡಬ್ಬದಿಂದ ಸೀಸೆಗೆ ಎಣ್ಣೆ ಇಳಿಸುವಾಗ ಒಂದು ತೊಟ್ಟೂ ಹೊರಗೆ ಚೆಲ್ಲದಂತೆ ಅದನ್ನು ನೇರವಾಗಿ ಹಿಡಿದು ನಿಲ್ಲುವುದೇ ಅವನ ಪ್ರಥಮ ಪಾಠ. ಅದೇ ಹುಡುಗ ಓದಿ ದೊಡ್ಡವನಾಗಿ, ಪ್ರತಿದಿನ ಹೊಸೂರಿನಲ್ಲಿ ಬಸ್ಸು ಹತ್ತಿ, ಅತ್ತಿಬೆಲೆಯ ಗಡಿಯನ್ನು ದಾಟಿ, ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಚೇರಿಯಲ್ಲಿ ಡಿಜಿಟಲ್ ಮಾರಾಟದ ಉದ್ಯೋಗಕ್ಕೆ ಸೇರಿದನೆಂದರೆ, ಅಲ್ಲಿಯೂ ಅವನಿಗೆ ಮೊದಲು ಕಲಿಸುವುದು ಆಲಿಕೆಯ ವಿದ್ಯೆಯನ್ನೇ. ಅಲ್ಲಿ ಅದರ ಹೆಸರು ‘ಸೇಲ್ಸ್ ಫನಲ್’. ಆದರೆ ಈ ಎರಡು ಆಲಿಕೆಗಳ ಸ್ವಭಾವ ಪರಸ್ಪರ ವಿರುದ್ಧ. ಅಂಗಡಿಯ ಆಲಿಕೆಯಲ್ಲಿ ಮೇಲೆ ಹೊಯ್ದದ್ದೆಲ್ಲ ಕೆಳಗೆ ಬರುತ್ತದೆ. ಕಚೇರಿಯ ಆಲಿಕೆಯಲ್ಲಿ ಮೇಲೆ ಹೊಯ್ದದ್ದು ಬಹುಪಾಲು ಚೆಲ್ಲಿಹೋಗುತ್ತದೆ, ಚೆಲ್ಲಿಹೋಗುವುದೇ ನಿಯಮವೆಂದು ಅಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ. ಎರಡನೆಯ ಆಲಿಕೆಯನ್ನು ಕೆಳಗಿಟ್ಟು ಮೊದಲನೆಯದನ್ನು ಮತ್ತೆ ಕೈಗೆತ್ತಿಕೊಳ್ಳುವ ತರುಣರು ಈಚಿನ ವರ್ಷಗಳಲ್ಲಿ ಅಲ್ಲಲ್ಲಿ ಕಾಣಬರುತ್ತಿರುವುದರಿಂದ, ಈ ಮರುಪ್ರಯಾಣದ ಸ್ವರೂಪವೇನೆಂದು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಹೊಸೂರು ಹೆಸರಿನಿಂದ ಕನ್ನಡದ ಊರು. ಆಡಳಿತದಿಂದ ತಮಿಳುನಾಡಿನದು, 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು. ಸಂತೆಯ ಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬೆರೆತಿರತಕ್ಕದ್ದು. ಡೆಂಕಣಿಕೋಟೆ, ತಳಿ, ಕೆಲಮಂಗಲಗಳ ಕಡೆಯ ಕೆಂಪು ಹೊಲಗಳಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲುಗಳಾಗಿ ಅವರೆಯನ್ನೂ ಹುಚ್ಚೆಳ್ಳನ್ನೂ ಬಿತ್ತುವುದು ಹಿಂದಿನಿಂದ ಬಂದ ರೂಢಿ. ಜಿಲ್ಲೆಯಲ್ಲಿ ಕಡಲೆಕಾಯಿಯೂ ಉಂಟು, ತೆಂಗೂ ಉಂಟು. ಎಣ್ಣೆಕಾಳಿರುವ ಸೀಮೆಯಲ್ಲಿ ಗಾಣವಿರುವುದು ಸಹಜವಷ್ಟೆ. 1971ರಲ್ಲಿ ಸ್ಥಾಪಿತವಾದ ಸಿಪ್‌ಕಾಟ್ ಸಂಸ್ಥೆ ಇಲ್ಲಿ ಕೈಗಾರಿಕಾ ನಿವೇಶನಗಳನ್ನು ತೆರೆದ ಬಳಿಕ ಅಶೋಕ್ ಲೇಲ್ಯಾಂಡಿನ ಲಾರಿಗಳೂ, 1980ರಲ್ಲಿ ಟಿವಿಎಸ್ ಮೊಪೆಡ್ಡೂ, ಆ ದಶಕದಲ್ಲಿಯೇ ಟೈಟಾನ್ ಗಡಿಯಾರಗಳೂ ಈ ಊರಿನಿಂದ ಹೊರಟವು. ಗಾಣದ ಮನೆಯ ಮಕ್ಕಳು ಕಾರ್ಖಾನೆಗೆ ಹೋದರು, ಅವರ ಮಕ್ಕಳು ಬೆಂಗಳೂರಿನ ಕಂಪ್ಯೂಟರಿಗೆ ಹೋದರು. ಹೀಗೆ ಎರಡು ತಲೆಮಾರುಗಳಲ್ಲಿ ಗಾಣ ಮೂಲೆ ಸೇರಿತು.

ಮೂಲೆ ಸೇರುವುದಕ್ಕೆ ಕಾರಣ ಮಕ್ಕಳ ಔದಾಸೀನ್ಯವೊಂದೇ ಅಲ್ಲ. ಉಕ್ಕಿನ ಯಂತ್ರ ಮರದ ಗಾಣಕ್ಕಿಂತ ಹೆಚ್ಚು ಎಣ್ಣೆಯನ್ನು ಹಿಂಡಬಲ್ಲುದು. ಹಿಂಡಿಯಲ್ಲಿ ಉಳಿದ ಅಂಶವನ್ನೂ ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ ತೆಗೆಯುವ ದೊಡ್ಡ ಕಾರ್ಖಾನೆ ಹೆಚ್ಚುಕಡಮೆ ಏನನ್ನೂ ಬಿಡುವುದಿಲ್ಲ. ಹೀಗೆ ಬಂದ ಎಣ್ಣೆಯ ಬಣ್ಣವನ್ನೂ ವಾಸನೆಯನ್ನೂ ಶುದ್ಧೀಕರಣದಲ್ಲಿ ಕಳೆದು ಪೊಟ್ಟಣದಲ್ಲಿ ತುಂಬಿದರೆ ಅದು ಅಗ್ಗವೂ ಹೌದು, ಬಹುಕಾಲ ಕೆಡದಿರುವುದೂ ಹೌದು. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಬೆಲೆಯ ಸ್ಪರ್ಧೆಯಲ್ಲಿ ಗಾಣದವನು ನಿಲ್ಲುವ ಮಾತೇ ಉಳಿಯಲಿಲ್ಲ. 1998ರಲ್ಲಿ ದೆಹಲಿಯಲ್ಲಿ ದತ್ತೂರಿಗಿಡದ ಬೀಜದೆಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಅನೇಕರು ಮೃತಪಟ್ಟಾಗ, ಬಿಡಿ ಎಣ್ಣೆಯ ಮೇಲೆಯೇ ಜನರಿಗೆ ಅಪನಂಬಿಕೆ ಹುಟ್ಟಿತು. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ವಾರ್ಧಾದಲ್ಲಿ ಆರಂಭವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದಲ್ಲಿ ಜೆ. ಸಿ. ಕುಮಾರಪ್ಪ ಮತ್ತು ಅವರ ಸಹೋದ್ಯೋಗಿಗಳು ಗಾಣವನ್ನು ಸುಧಾರಿಸಲು ಪಟ್ಟ ಪರಿಶ್ರಮದ ನೆನಪೂ ಆ ವೇಳೆಗೆ ಮಾಸಿಹೋಗಿತ್ತು.

ಇನ್ನು ಡಿಜಿಟಲ್ ಮಾರಾಟವೆಂದರೇನು? ನಾವು ಮೊಬೈಲಿನಲ್ಲಿ ಒಂದು ಪದವನ್ನು ಹುಡುಕಿದಾಗ, ಉತ್ತರದ ಪುಟ ತೆರೆಯುವ ಕ್ಷಣಾರ್ಧದಲ್ಲಿ ಆ ಪುಟದ ಜಾಹೀರಾತಿನ ಜಾಗಕ್ಕೆ ಒಂದು ಮೂಕ ಹರಾಜು ನಡೆದುಹೋಗುತ್ತದೆ. ಗೆದ್ದವನ ಜಾಹೀರಾತನ್ನು ನಾವು ಒತ್ತಿದರೆ ಅವನ ಖಾತೆಯಿಂದ ಹಣ ಕಡಿತವಾಗುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಒಂದು ಲಕ್ಷ ಜನ ಜಾಹೀರಾತನ್ನು ನೋಡಿದರು, ಸಾವಿರ ಜನ ಒತ್ತಿದರು, ಇಪ್ಪತ್ತು ಜನ ಕೊಂಡರು. ಒತ್ತಿಗೆ 10 ರೂಪಾಯಿಯಂತೆ 10,000 ರೂಪಾಯಿ ಖರ್ಚಾಗಿ, ತಲೆಗೆ 500 ರೂಪಾಯಿ ಬಿತ್ತು. ಮಾರುವ ವಸ್ತು ಸಾಫ್ಟ್‌ವೇರೋ ಆನ್‌ಲೈನ್ ಪಾಠವೋ ಆಗಿದ್ದರೆ ಚಿಂತೆಯಿಲ್ಲ. ಅದರ ಇನ್ನೊಂದು ಪ್ರತಿಯನ್ನು ಮಾಡಲು ವೆಚ್ಚವೇ ಇಲ್ಲದ ಕಾರಣ ಇಪ್ಪತ್ತನ್ನು ಇನ್ನೂರು ಮಾಡು, ಇನ್ನೂರನ್ನು ಎರಡು ಸಾವಿರ ಮಾಡು ಎಂಬುದೇ ಅಲ್ಲಿನ ಏಕಮಾತ್ರ ಮಂತ್ರ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಿದವನಿಗೆ ಮರುತಿಂಗಳು ಬಹುಮಾನವಾಗಿ ದೊರೆಯುವುದು ಇನ್ನೂ ದೊಡ್ಡ ಟಾರ್ಗೆಟ್. ಮೇಲೆ ಛಾವಣಿಯಿಲ್ಲದ ಮನೆಯಲ್ಲಿ ಏಣಿ ಹತ್ತುತ್ತಲೇ ಇರುವಂಥ ಈ ವೃತ್ತಿಯಿಂದ ತರುಣ ಗಾಣದ ಮುಂದೆ ಬಂದು ನಿಲ್ಲುತ್ತಾನೆ.

ಗಾಣದಲ್ಲಿ ಅವನು ಕಾಣುವುದೇನು? ಬಾಗೆಯಂಥ ಗಟ್ಟಿಮರದ ಒರಳು, ಅದರೊಳಗೆ ಓರೆಯಾಗಿ ನಿಂತು ತಿರುಗುವ ಮರದ ಒನಕೆ. ಹಿಂದೆ ಎತ್ತು ಎಳೆಯುತ್ತಿದ್ದುದನ್ನು ಈಗ ಮೋಟಾರು ಎಳೆಯುತ್ತದೆ, ಆದರೆ ತಿರುಗುವ ವೇಗ ನೋಡುವವನಿಗೆ ಬೇಸರ ತರಿಸುವಷ್ಟು ಮಂದ. ಒಣಗಿಸಿ ಆರಿಸಿದ ಕಡಲೆಬೀಜ ಮೊದಲು ನುರಿದು ರವೆಯಾಗುತ್ತದೆ, ಆಮೇಲೆ ಮುದ್ದೆಯಾಗುತ್ತದೆ. ಗಾಣದವನು ನಡುವೆ ಅಂಗೈಯಲ್ಲಿ ಸ್ವಲ್ಪ ನೀರು ಚಿಮುಕಿಸುತ್ತಾನೆ. ಎಳ್ಳಾದರೆ ನೀರಿನ ಬದಲು ಬೆಲ್ಲ, ಈ ಸೀಮೆಯಲ್ಲಿ ಹೆಚ್ಚಾಗಿ ತಾಟಿಬೆಲ್ಲ; ಬೆಲ್ಲದ ಪಸೆಯಿಂದ ಹಿಟ್ಟು ಒಂದಕ್ಕೊಂದು ಅಂಟಿಕೊಂಡು ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಎಷ್ಟು ಚಿಮುಕಿಸಬೇಕು, ಯಾವಾಗ ಚಿಮುಕಿಸಬೇಕು ಎಂಬುದಕ್ಕೆ ಲಿಖಿತ ಪ್ರಮಾಣವಿಲ್ಲ. ಅದು ಕೈಗೆ ಗೊತ್ತು. ಕೆಲಹೊತ್ತಿಗೆ ಮುದ್ದೆಯ ಅಂಚಿನಲ್ಲಿ ಹೊಳಪು ಕಾಣಿಸಿ, ಹೊಳಪು ಹನಿಯಾಗಿ, ಹನಿ ಧಾರೆಯಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಬಗ್ಗಡವಾದ ಆ ಎಣ್ಣೆ ಎರಡು ಮೂರು ದಿನ ಅಲ್ಲಾಡದೆ ನಿಂತರೆ ಮಡ್ಡಿ ತಳಕ್ಕೆ ಕೂತು ಮೇಲೆ ತಿಳಿಯಾಗುತ್ತದೆ. ಕಚೇರಿಯಲ್ಲಿ ಪ್ರತಿ ಗಂಟೆಗೂ ಅಂಕಿಯನ್ನು ನೋಡಿ ಅಭ್ಯಾಸವಾದವನಿಗೆ ಈ ಎರಡು ಮೂರು ದಿನಗಳೇ ಮೊದಲ ಪರೀಕ್ಷೆ.

ಎರಡನೆಯ ಪರೀಕ್ಷೆ ಅಂಕಗಣಿತದ್ದು. ಒಂದು ಸಲಕ್ಕೆ 12 ಕೆ.ಜಿ. ಬೀಜ, ಒಂದು ಸಲಕ್ಕೆ ಒಂದು ಗಂಟೆ, ದಿನಕ್ಕೆ ಎಂಟು ಸಲ ಎಂದು ಹಿಡಿದರೆ 96 ಕೆ.ಜಿ.ಯಾಯಿತು, ಸುಮಾರು ಎರಡೂವರೆ ಕೆ.ಜಿ. ಕಡಲೆಬೀಜಕ್ಕೆ ಒಂದು ಲೀಟರು ಎಣ್ಣೆಯಾದುದರಿಂದ ದಿನಕ್ಕೆ 38 ಲೀಟರು, ತಿಂಗಳಿಗೆ ಇಪ್ಪತ್ತೈದು ದಿನ ದುಡಿದರೆ 950 ಲೀಟರು. ಮನೆಯೊಂದಕ್ಕೆ ತಿಂಗಳಿಗೆ ಮೂರು ಲೀಟರು ಬೇಕೆಂದಿಟ್ಟುಕೊಂಡರೆ, ಒಂದು ಗಾಣ ಸಲಹಬಲ್ಲದ್ದು ಮುನ್ನೂರು ಚಿಲ್ಲರೆ ಮನೆಗಳನ್ನು. ಲಕ್ಷ ಕಣ್ಣುಗಳನ್ನು ಸೆಳೆಯುವ ವಿದ್ಯೆಯನ್ನು ಕಲಿತು ಬಂದವನಿಗೆ ಬೇಕಾದದ್ದು ಮುನ್ನೂರು ಮನೆ! ಗ್ರಾಹಕನೊಬ್ಬನಿಗೆ 500 ರೂಪಾಯಿ ತೆತ್ತು ತಂದರೆ ಮೊದಲ ಲೀಟರಿನ ಲಾಭದಲ್ಲಿ ಅದು ಹುಟ್ಟುವುದಿಲ್ಲ; ಆ ಮನೆ ವರ್ಷವಿಡೀ ಮರಳಿ ಬಂದರೆ ಮಾತ್ರ ಹುಟ್ಟುತ್ತದೆ. ಕಚೇರಿಯ ಭಾಷೆಯಲ್ಲಿ ಇದಕ್ಕೆ ‘ಲೈಫ್‌ಟೈಮ್ ವ್ಯಾಲ್ಯೂ’ ಎಂಬ ಘನವಾದ ಹೆಸರುಂಟು. ಗಾಣ ನಡೆಸುತ್ತಿದ್ದ ಅವನ ತಾತ ಅದನ್ನೇ ‘ವಾಡಿಕೆ ಮನೆ’ ಎನ್ನುತ್ತಿದ್ದ. ವಾಡಿಕೆ ಮನೆಯ ಅಜ್ಜಿ ಬಂದು, ‘ಏನಪ್ಪಾ, ಹೊಸ ಕಾಯ್ದಾ, ಹಳೇದಾ?’ ಎಂದು ಕೇಳಿದಾಗ, ‘ಹಳೇದಮ್ಮಾ, ಹೊಸದು ಬರೋಕೆ ಇನ್ನೂ ಹದಿನೈದು ದಿನ ಆಗ್ತದೆ’ ಎಂದು ನಿಜ ಹೇಳುವ ಧೈರ್ಯದಲ್ಲಿಯೇ ಮುಂದಿನ ಹತ್ತು ವರ್ಷಗಳ ವ್ಯಾಪಾರ ಅಡಗಿದೆ.

ನಿಜ ಹೇಳುವ ಪ್ರಶ್ನೆ ಇಲ್ಲಿ ಅಲಂಕಾರದ ಮಾತಲ್ಲ. ಜಾಹೀರಾತಿನಲ್ಲಿ ಪಳಗಿದ ಕೈ, ಸೀಸೆಯ ಚೀಟಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆಯಲು ತವಕಿಸುತ್ತದೆ. ಆದರೆ ಕೊಲೆಸ್ಟರಾಲ್ ಪ್ರಾಣಿಜನ್ಯ ವಸ್ತುವಾದ್ದರಿಂದ ಯಾವ ಸಸ್ಯದ ಎಣ್ಣೆಯಲ್ಲಿಯೂ ಅದು ಗಣನೆಗೆ ಬರುವಷ್ಟಿರುವುದಿಲ್ಲ, ಅಗ್ಗದ ಪೊಟ್ಟಣದಲ್ಲಿಯೂ ಇಲ್ಲ. ಗಾಣದ ಎಣ್ಣೆ ರೋಗ ವಾಸಿ ಮಾಡುತ್ತದೆಂದು ಹೇಳುವುದು ಇನ್ನೂ ದೊಡ್ಡ ತಪ್ಪು, ಕಾನೂನಿಗೂ ವಿರುದ್ಧ. ಗಾಣಕ್ಕೆ ತನ್ನದೇ ಅಪಾಯವೂ ಉಂಟು: ಸರಿಯಾಗಿ ಒಣಗದ ಕಡಲೆಕಾಯಿಗೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಶುದ್ಧೀಕರಣದಲ್ಲಿ ಬಹುಮಟ್ಟಿಗೆ ಕಳೆದುಹೋಗುವ ಆ ವಿಷ ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಆದ್ದರಿಂದ ಮುದುಡಿದ, ಕಪ್ಪುಗಟ್ಟಿದ ಬೀಜಗಳನ್ನು ಮೊರದಲ್ಲಿ ಆರಿಸಿ ಎಸೆಯುವ ಹೆಂಗಸರ ಕೆಲಸ ಯಾವ ಜಾಹೀರಾತಿಗಿಂತಲೂ ಮಿಗಿಲಾದದ್ದು. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. 2011ರ ನಿಯಮಾವಳಿಯಂತೆ, ಸರ್ಕಾರದ ವಿಶೇಷ ವಿನಾಯಿತಿಯಿಲ್ಲದೆ ಖಾದ್ಯತೈಲವನ್ನು ಬಿಡಿಯಾಗಿ ಮಾರುವಂತಿಲ್ಲ, ಮೊಹರು ಮಾಡಿಯೇ ಮಾರಬೇಕು.

ಹಾಗಾದರೆ ಕಚೇರಿಯ ವರ್ಷಗಳೆಲ್ಲ ವ್ಯರ್ಥವೇ? ಅಲ್ಲ. 1928ರಲ್ಲಿ ಮದರಾಸಿನಲ್ಲಿ ತೆರೆದ ನಲ್ಲಿ ರೇಷ್ಮೆಯಂಗಡಿಯ ಮನೆತನದ ಲಾವಣ್ಯಾ ನಲ್ಲಿ ಅವರು 2005ರಲ್ಲಿ ಅಂಗಡಿಗೆ ಸೇರಿ, ಮಧ್ಯೆ ಹಾರ್ವರ್ಡಿನಲ್ಲಿ ಓದಿ, ಬೆಂಗಳೂರಿನ ಮಿಂತ್ರಾ ಎಂಬ ಆನ್‌ಲೈನ್ ಬಟ್ಟೆಯಂಗಡಿಯಲ್ಲಿ ಉನ್ನತ ಅಧಿಕಾರದಲ್ಲಿದ್ದು, ಮತ್ತೆ ಮನೆತನದ ಉದ್ಯಮಕ್ಕೆ ಮರಳಿದ್ದು ಎಲ್ಲರೂ ಬಲ್ಲ ನಿದರ್ಶನ. ಆ ಉದ್ಯಮದ ಗಾತ್ರ ಬೇರೆ, ಗಾಣದ ಗಾತ್ರ ಬೇರೆ. ಆದರೂ ಹೊರಗೆ ಕಲಿತದ್ದು ಒಳಗೆ ಉಪಯೋಗಕ್ಕೆ ಬರುವ ಬಗೆ ಒಂದೇ. ಯಾವ ಮನೆ ಯಾವ ತಿಂಗಳು ಬರಲಿಲ್ಲವೆಂಬುದನ್ನು ತಾತ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ, ಮೊಮ್ಮಗ ಪಟ್ಟಿಯಲ್ಲಿ ಬರೆದಿಡುತ್ತಾನೆ. ವಾಟ್ಸಾಪಿನಲ್ಲಿ ವಾರದ ಮುಂಗಡ ಬೇಡಿಕೆಯನ್ನು ಕೇಳಿಕೊಂಡು ಅಷ್ಟನ್ನೇ ಹಿಂಡುತ್ತಾನೆ. ಎಣ್ಣೆ ತೂಕದ ಸರಕು, ದೂರದ ಪಾರ್ಸಲಿನಲ್ಲಿ ಸೋರುವ ಸರಕು. ಲೋಕಕ್ಕೆಲ್ಲ ಮಾರುವ ಹಂಬಲವನ್ನು ಬಿಟ್ಟು, ನಲವತ್ತು ಕಿಲೋಮೀಟರು ದೂರದ ಬೆಂಗಳೂರಿನ ನಾಲ್ಕು ವಸತಿ ಸಮುಚ್ಚಯಗಳಿಗೆ ವಾರಕ್ಕೊಮ್ಮೆ ಗಾಡಿ ಕಳಿಸಿ, ಖಾಲಿ ಡಬ್ಬಗಳನ್ನು ಹಿಂದಕ್ಕೆ ತರಿಸಿಕೊಳ್ಳುವುದೇ ಲಾಭದ ದಾರಿಯೆಂದು ಅವನ ಅಂಕಿಗಳೇ ಅವನಿಗೆ ಹೇಳುತ್ತವೆ. ಅಂಗಡಿಗಳಲ್ಲಿ ದುರ್ಲಭವಾದ ಹುಚ್ಚೆಳ್ಳೆಣ್ಣೆಗೆ ನಗರದಲ್ಲಿ ನೆಲಸಿದ ಹಳ್ಳಿಯ ಮನೆಗಳಲ್ಲಿ ಇನ್ನೂ ಆಸೆಯುಂಟೆಂಬುದನ್ನು ಕಂಡುಹಿಡಿಯಲೂ ಆ ವಿದ್ಯೆಯೇ ಬೇಕು. ಬೇಡಿಕೆ ಹುಟ್ಟಿದರೆ ರಾಗಿಯ ಹೊಲದ ಅಕ್ಕಡಿ ಸಾಲೂ ಉಳಿದೀತು.

ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ಸೇಲಂನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವಕೀಲಿಯನ್ನು ತ್ಯಜಿಸಿ, 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಖಾದಿಯ ಕೆಲಸಕ್ಕೆ ನಿಂತವರು. ಅವರದು ತ್ಯಾಗ, ನಮ್ಮ ತರುಣನದು ವ್ಯಾಪಾರ, ಅವನಿಗೆ ಸಾಲದ ಕಂತೂ ಉಂಟು, ಸಂಬಳ ಬಾರದ ಮೊದಲ ತಿಂಗಳ ಭೀತಿಯೂ ಉಂಟು. ಆದುದರಿಂದ ಅವನನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಆದರೆ ಒಂದು ಗುರುತು ಹೇಳಬಹುದು. ಸಂಜೆಗೆ ಮುಂಚೆಯೇ ತಿಳಿಯೆಣ್ಣೆಯೆಲ್ಲ ತೀರಿ, ಫೋನಿನಲ್ಲಿ ಇನ್ನೂ ಹತ್ತು ಬೇಡಿಕೆಗಳು ಕಾಯುತ್ತಿರುವಾಗ, ನಿಂತು ತಿಳಿಯಾಗದ ಎಣ್ಣೆಯನ್ನು ತುಂಬಿ ಕಳಿಸದೆ, ಹೊರಗಿನ ಎಣ್ಣೆಯನ್ನು ತಂದು ಬೆರಸದೆ, ತಾತನ ಕಾಲದ ಹಲಗೆಯನ್ನು ಒರಸಿ ಬಾಗಿಲಿಗೆ ತೂಗುಹಾಕಿದನೆಂದರೆ, ಅವನು ನಿಜವಾಗಿ ಮನೆಗೆ ಬಂದನೆಂದು ತಿಳಿಯಬೇಕು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಇಷ್ಟೆ: ‘ಎಣ್ಣೆ ಮುಗಿದಿದೆ. ಗುರುವಾರ ಬನ್ನಿ.’