ನಿಮಗಿದು ಗೊತ್ತೆ? ಫ್ಲೋರೈಡ್ ಕಲೆಯ ಹಲ್ಲಿಗೆ ಕ್ಲಿಪ್ ಸುಲಭವಾಗಿ ಅಂಟದು!

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆಯ ಅನೇಕ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಪಟ್ಟೆ ಬರೀ ಅಂದಗೆಡಿಸುವ ಕಲೆಯಲ್ಲ. ಅಂಥ ಹಲ್ಲಿಗೆ, ವಕ್ರದಂತ ಸರಿಪಡಿಸುವ ಕ್ಲಿಪ್ ಅಂಟಿಸುವುದೂ ಕಷ್ಟ. ಕ್ಲಿಪ್ ಹಿಡಿಯಬೇಕಾದರೆ ಆಸಿಡ್ ಹಚ್ಚಿ ಎನಾಮಲ್ ಅನ್ನು ತುಸು ಒರಟು ಮಾಡಬೇಕು. ಆಗ ಉಂಟಾಗುವ ಸೂಕ್ಷ್ಮ ರಂಧ್ರಗಳಿಗೆ ಅಂಟು ಇಳಿಯಬೇಕು. ಫ್ಲೋರೈಡ್ ಹೊಕ್ಕ ಹೊರಪದರ ಆಸಿಡ್‌ಗೆ ಬೇಗ ಬಗ್ಗುವುದಿಲ್ಲ. ಈ ಫ್ಲೋರೈಡ್ ಬರುವುದು ಕುಡಿಯುವ ನೀರಿನಿಂದ; ಅದರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು. ಇಲ್ಲಿನ ಎಷ್ಟೋ ಕೊಳವೆಬಾವಿಗಳು ಆ ಮಿತಿ ದಾಟಿವೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಕಲೆ ಕೂರುವುದರಿಂದ ಉಜ್ಜಿದರೆ ಹೋಗದು.

ಹಾಗಾದರೆ ಈ ಮಕ್ಕಳಿಗೆ ಚಿಕಿತ್ಸೆಯೇ ಇಲ್ಲವೆ? ಖಂಡಿತ ಇದೆ. ವೈದ್ಯರು ಹಲ್ಲಿನ ಮೇಲ್ಮೈಯನ್ನು ನವಿರಾಗಿ ಉಜ್ಜಿ, ಆಸಿಡ್ ಅನ್ನು ಇನ್ನಷ್ಟು ಹೊತ್ತು ಬಿಟ್ಟು ಅಂಟಿಸುತ್ತಾರೆ. ಆದ್ದರಿಂದ ಕಲೆಯ ನೆಪದಲ್ಲಿ ತಡಮಾಡುವುದು ಸರಿಯಲ್ಲ. ಕೆಳದವಡೆ ಮುಂದೆ ಚಾಚಿರುವ ಮಗುವಿಗಂತೂ ಸಮಯವೇ ಮುಖ್ಯ. ಮೇಲ್ದವಡೆಯನ್ನು ಮುಂದಕ್ಕೆಳೆಯುವ ಮುಖವಾಡದಂಥ ಸಾಧನ ಸುಮಾರು 10 ವರ್ಷದೊಳಗೆ ಚೆನ್ನಾಗಿ ಫಲ ಕೊಡುತ್ತದೆ. ಅದು ಹಣೆ ಮತ್ತು ಗದ್ದದ ಮೇಲೆ ಆಧಾರ ಪಡೆಯುವುದರಿಂದ ಕಿವಿಯ ಮುಂದಿನ ದವಡೆ ಕೀಲು ಕೆಟ್ಟೀತೆಂದು ಹೆತ್ತವರು ಹೆದರುವುದು ಸಹಜ. ಈವರೆಗಿನ ಅಧ್ಯಯನಗಳು ಅಂಥ ಶಾಶ್ವತ ಹಾನಿಯನ್ನು ತೋರಿಸಿಲ್ಲ; ಬೆಳೆಯುವ ಎಲುಬು ಹಿತಮಿತ ಒತ್ತಡಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಕೀಲಿನಲ್ಲಿ ನೋವು, ಕಟಕಟ ಸದ್ದು ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಮನೆಗೆ ಬರುವ ನೀರನ್ನೂ ಪರೀಕ್ಷೆ ಮಾಡಿಸಿ.