ಸಾಕುಪ್ರಾಣಿಗಳ ಆಹಾರ ಮತ್ತು ಔಷಧ: ಭಿವಂಡಿಯ ಗೋದಾಮಿನಿಂದ ಮನೆಯ ಬಾಗಿಲವರೆಗೆ

ಪಶುವೈದ್ಯವು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು. ಅದೇ ವಂಶದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದಲ್ಲಿ (ಸು. 1129) ಬೇಟೆನಾಯಿಗಳಿಗೆಂದೇ ಒಂದು ಪ್ರಕರಣವಿದೆ. ಆ ಸೋಮೇಶ್ವರನ ಕಲ್ಯಾಣವು ಬೀದರ ಜಿಲ್ಲೆಯ ಬಸವಕಲ್ಯಾಣವೇ ಹೊರತು, ಇಲ್ಲಿ ನಮ್ಮ ನೆರೆಯಲ್ಲಿರುವ ಠಾಣೆ ಜಿಲ್ಲೆಯ ಕಲ್ಯಾಣವಲ್ಲ. ಅಂದಿನ ವೈದ್ಯನು ರೋಗಪೀಡಿತ ಪ್ರಾಣಿಯನ್ನು ಕಣ್ಣಾರೆ ಕಂಡು ಮದ್ದನ್ನು ಹೇಳುತ್ತಿದ್ದನು. ಇಂದಾದರೋ ಮದ್ದನ್ನು ಬರೆಯುವವನು ಒಬ್ಬ, ಮಾರುವವನು ಒಬ್ಬ, ಅಂತರ್ಜಾಲದಲ್ಲಿ ಅಂಗಡಿಯನ್ನು ತೆರೆದಿಟ್ಟವನು ಬೇರೊಬ್ಬ, ಸರಕನ್ನು ಕೂಡಿಡುವವನು ಮತ್ತೊಬ್ಬ, ಮನೆಗೆ ತಂದೊಪ್ಪಿಸುವವನು ಮಗದೊಬ್ಬ. ಹೀಗೆ ಐವರ ಕೈದಾಟಿ ಬರುವ ವಸ್ತುವಿನ ಹೊಣೆ ಯಾರದು ಎಂಬುದೇ ಈ ಲೇಖನದ ವಿಚಾರ.

ಭಿವಂಡಿಯ ಹೆಸರನ್ನು ಎತ್ತಿದೊಡನೆ ಹಿಂದೆ ವಿದ್ಯುತ್ ಮಗ್ಗಗಳ ನೆನಪಾಗುತ್ತಿತ್ತು. ಮುಂಬಯಿ ನಗರಸಭೆಯ ಜಕಾತಿಯ ಗಡಿಗೆ ಹೊರಗೆ, ನಾಸಿಕದ ಹೆದ್ದಾರಿಗೆ ಹತ್ತಿರದಲ್ಲಿ ಇದ್ದುದರಿಂದ ಇಲ್ಲಿ ಗೋದಾಮುಗಳು ಬೆಳೆದವು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದು ಜಕಾತಿ ನಿಂತುಹೋಯಿತು, ಗೋದಾಮುಗಳು ನಿಲ್ಲಲಿಲ್ಲ. ಡೊಂಬಿವಲಿ, ಠಾಣೆ, ನವಿ ಮುಂಬಯಿಗಳ ಮನೆಗಳಿಗೆ ಬರುವ ಅಂತರ್ಜಾಲದ ಸರಕಿನಲ್ಲಿ ಬಹುಭಾಗವು ಮಾಣಕೋಲಿ, ಕಾಲ್ಹೇರ್, ಪಡಘಾ ಕಡೆಯ ಗೋದಾಮುಗಳನ್ನು ಹಾಯ್ದು ಬರುವಂಥದು. ನಾಯಿಯ ಬಿಸ್ಕತ್ತೂ ಬೆಕ್ಕಿನ ಗುಳಿಗೆಯೂ ಇದಕ್ಕೆ ಹೊರತಲ್ಲ. ಒಂದೇ ಪೆಟ್ಟಿಗೆಯಲ್ಲಿ ಬಂದರೂ ಈ ವಸ್ತುಗಳು ಕಾನೂನಿನ ಕಣ್ಣಿಗೆ ಒಂದೇ ಜಾತಿಯವಲ್ಲ. ಆಹಾರ, ಪೂರಕ, ಔಷಧ ಎಂದು ಅವನ್ನು ಮೂರಾಗಿ ವಿಂಗಡಿಸಿ ನೋಡಬೇಕು.

ಮೊದಲು ಆಹಾರ. 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯಿದೆಯು ‘ಆಹಾರ’ವೆಂಬ ಪದಕ್ಕೆ ಮನುಷ್ಯರು ಸೇವಿಸುವ ವಸ್ತುವೆಂದೇ ಅರ್ಥಮಾಡಿ, ಪ್ರಾಣಿಗಳ ಮೇವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ನಾಯಿಬೆಕ್ಕುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ 11968ನೆಯ ಸಂಖ್ಯೆಯ ಮಾನಕವನ್ನು ಗೊತ್ತುಪಡಿಸಿದೆ. ವಿದೇಶದಿಂದ ಬರುವ, ಮಾಂಸವೇ ಮೊದಲಾದ ಪ್ರಾಣಿಜನ್ಯ ವಸ್ತುಗಳುಳ್ಳ ಆಹಾರಕ್ಕೆ 1898ರ ಜಾನುವಾರು ಆಮದು ಕಾಯಿದೆಯ ಮೇರೆಗೆ ಕೇಂದ್ರದ ಪಶುಸಂಗೋಪನ ಇಲಾಖೆಯಿಂದ ಆರೋಗ್ಯ ಸಂಬಂಧವಾದ ಆಮದು ಅನುಮತಿ ಬೇಕು.

ಪೊಟ್ಟಣದ ಮೇಲೆ ಏನನ್ನು ಬರೆಯಬೇಕೆಂಬುದನ್ನು 2011ರ ಪೊಟ್ಟಣ ಸರಕುಗಳ ತೂಕ ಅಳತೆ ನಿಯಮಗಳು ಹೇಳುತ್ತವೆ. ತಯಾರಕನ ಅಥವಾ ಆಮದುದಾರನ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ, ದೂರು ಕೊಡಬೇಕಾದ ವಿಳಾಸ ಮುಂತಾದುವನ್ನು ನಮೂದಿಸತಕ್ಕದ್ದು. 2018ರ ಜನವರಿ 1ರಿಂದ ಇವು ಅಂತರ್ಜಾಲದ ಪುಟದಲ್ಲಿಯೂ ಕಾಣಬೇಕು. ತಯಾರಾದ ತಿಂಗಳು ವರ್ಷಗಳಿಗೆ ಮಾತ್ರ ವಿನಾಯಿತಿ. ಇಲ್ಲೊಂದು ಸೂಕ್ಷ್ಮವಿದೆ. ಕೆಡುವ ವಸ್ತುವಿನ ಮೇಲೆ ಅವಧಿಯ ದಿನಾಂಕವನ್ನು ಬರೆಯಬೇಕೆಂಬ ಈ ನಿಯಮದ ವಿಧಿಯು ‘ಮನುಷ್ಯರ ಸೇವನೆಗೆ ಅಯೋಗ್ಯ’ವಾಗುವ ಸರಕನ್ನು ಕುರಿತು ಹೇಳಿದ್ದು. ನಾಯಿಯ ತಿನಿಸು ಆ ಮಾತಿನ ಅಂಚಿನಿಂದ ಜಾರಿಬೀಳುತ್ತದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಮಾರಾಟಗಾರನು ಅವಧಿ ಮುಗಿಯುವ ದಿನವನ್ನು ತಿಳಿಸಬೇಕೆಂದಿವೆ. ಅಲ್ಲಿಯೂ ‘ಅನ್ವಯಿಸುವಲ್ಲಿ’ ಎಂಬ ಮಾತು ಸೇರಿದೆ. ಆದುದರಿಂದ ಪೊಟ್ಟಣ ಕೈಗೆ ಬಂದ ಕೂಡಲೆ ದಿನಾಂಕವನ್ನು ನೋಡುವ ಕೆಲಸ ಕೊಳ್ಳುವವನ ಪಾಲಿಗೆ ಉಳಿಯುತ್ತದೆ.

ಎರಡನೆಯದು ಪೂರಕ ವಸ್ತುಗಳು: ಜೀವಸತ್ವದ ದ್ರವ, ರೋಮಕ್ಕೆ ಕಾಂತಿ ಕೊಡುವ ಎಣ್ಣೆ, ಕೀಲುಗಳಿಗೆಂದು ಮಾರುವ ಗುಳಿಗೆ ಇತ್ಯಾದಿ. ಇವನ್ನು ಮೇವೆನ್ನಬೇಕೇ, ಮದ್ದೆನ್ನಬೇಕೇ? 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ 3ನೆಯ ಕಲಮು ಇದಕ್ಕೆ ಕೀಲಿಕೈ. ಮನುಷ್ಯರ ಅಥವಾ ಪ್ರಾಣಿಗಳ ಯಾವುದೇ ರೋಗವನ್ನು ಗುರುತಿಸುವುದಕ್ಕೆ, ಗುಣಪಡಿಸುವುದಕ್ಕೆ, ಶಮನ ಮಾಡುವುದಕ್ಕೆ, ತಡೆಯುವುದಕ್ಕೆ ಉದ್ದೇಶಿಸಿದ ವಸ್ತುವೆಲ್ಲವೂ ಅದರ ಪ್ರಕಾರ ಔಷಧವೇ. ಸೀಸೆಯೊಳಗೆ ಏನಿದೆ ಎಂಬುದರಷ್ಟೇ, ಸೀಸೆಯ ಮೇಲೆ ಏನು ಬರೆದಿದೆ ಎಂಬುದೂ ಮುಖ್ಯ. ‘ಪುಷ್ಟಿಕರ’ ಎಂದರೆ ಒಂದು ಮಾತು. ‘ಸಂಧಿವಾತವನ್ನು ಗುಣಪಡಿಸುತ್ತದೆ’ ಎಂದೊಡನೆ ಅದೇ ವಸ್ತು ಔಷಧದ ಮನೆಯನ್ನು ಹೊಗುತ್ತದೆ. ಪ್ರಾಣಿಗಳಿಗಾಗಿ ತಯಾರಿಸಿದ ಆಯುರ್ವೇದದ ಮದ್ದುಗಳ ಸ್ಥಿತಿ ಮತ್ತೂ ವಿಶಿಷ್ಟವಾದುದು. ಅವುಗಳ ತಯಾರಿಕೆಗೆ ಪರವಾನಗಿ ಬೇಕು, ಮಾರಾಟಕ್ಕೆ ಬೇಡ.

ಮೂರನೆಯದಾದ ಔಷಧದ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಪರವಾನಗಿಯಿಲ್ಲದೆ ಮಾರುವಂತಿಲ್ಲ, ಮಾರಿದರೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಬಹುದು. ಚಿಲ್ಲರೆ ವ್ಯಾಪಾರಕ್ಕೆ 20 ಮತ್ತು 21ನೆಯ ಫಾರಮುಗಳ ಪರವಾನಗಿ, ಸಗಟಿಗೆ 20ಬಿ ಮತ್ತು 21ಬಿ. ಲಸಿಕೆಗಳು ಈ 21ರ ಗುಂಪಿಗೆ ಸೇರಿದವು. ಪರವಾನಗಿಯನ್ನು ಕೊಡುವುದು ನಿರ್ದಿಷ್ಟವಾದ ಜಾಗಕ್ಕೆ. ದಾಸ್ತಾನಿನ ಮೇಲೆ ಸಾಲ ಕೊಡುವ ಬ್ಯಾಂಕು ಸರಕು ಎಲ್ಲಿದೆ, ಯಾರ ವಶದಲ್ಲಿದೆ ಎಂದು ಮೊದಲು ಕೇಳುವಂತೆ ಔಷಧದ ಕಾನೂನೂ ಕೇಳುತ್ತದೆ. ವೈದ್ಯರ ಚೀಟಿಯ ಮೇಲೆಯೇ ಕೊಡಬೇಕಾದ ಔಷಧವನ್ನು ನೋಂದಾಯಿತ ಔಷಧಜ್ಞನ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡತಕ್ಕದ್ದು. ಚೀಟಿಯಲ್ಲಿ ದಿನಾಂಕ, ಸಹಿ, ಪ್ರಾಣಿಯ ಒಡೆಯನ ಹೆಸರು ವಿಳಾಸಗಳಿರಬೇಕು. ವೈದ್ಯನು ಬರೆದಿಲ್ಲದಿದ್ದರೆ ಒಂದು ಚೀಟಿಗೆ ಎರಡನೆಯ ಸಾರಿ ಮದ್ದನ್ನು ಕೊಡಕೂಡದು. ಸೀಸೆಯ ಮೇಲೆ, ಮನುಷ್ಯರ ಉಪಯೋಗಕ್ಕಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಎಂಬ ಸೂಚನೆಯೂ ಸಾಕುಪ್ರಾಣಿಯ ತಲೆಯ ಚಿತ್ರವೂ ಇರಬೇಕು.

ಈ ಕಾಯಿದೆ ಹುಟ್ಟಿದಾಗ ಅಂತರ್ಜಾಲವಿರಲಿಲ್ಲ. 2018ರ ಆಗಸ್ಟ್ 28ರಂದು ಕೇಂದ್ರ ಸರಕಾರವು ಇ-ಔಷಧಾಲಯಗಳ ನೋಂದಣಿಗೆ ಕರಡು ನಿಯಮಗಳನ್ನು ಪ್ರಕಟಿಸಿತು. ಆ ಬಳಿಕ ವರ್ಷಗಳೇ ಉರುಳಿದರೂ ಕರಡು ಕರಡಾಗಿಯೇ ಉಳಿಯಿತು. ಅದೇ ವರ್ಷದ ಡಿಸೆಂಬರ್ 12ರಂದು ದೆಹಲಿಯ ಉಚ್ಚ ನ್ಯಾಯಾಲಯವು ಪರವಾನಗಿಯಿಲ್ಲದೆ ಅಂತರ್ಜಾಲದಲ್ಲಿ ಔಷಧ ಮಾರುವುದನ್ನು ತಡೆಯಿತು. 2023ರ ಫೆಬ್ರವರಿಯಲ್ಲಿ ಭಾರತದ ಔಷಧ ನಿಯಂತ್ರಕರು ಹಲವು ಕಂಪನಿಗಳಿಗೆ ಕಾರಣ ಕೇಳಿ ನೋಟೀಸು ಕಳುಹಿದರು. ‘ನಾವು ಮಾರುವವರಲ್ಲ, ಮಾರುವವನಿಗೂ ಕೊಳ್ಳುವವನಿಗೂ ನಡುವಣ ಸಂತೆಕಟ್ಟೆ ಮಾತ್ರ’ ಎಂಬುದು ಇಂಥ ಜಾಲತಾಣಗಳು ಹೂಡುವ ವಾದ. ಸಂತೆಕಟ್ಟೆಗೂ ಕರ್ತವ್ಯಗಳುಂಟು. 2020ರ ನಿಯಮಗಳಂತೆ ಅದು ಮಾರಾಟಗಾರನ ಹೆಸರು ವಿಳಾಸಗಳನ್ನು ಪ್ರಕಟಿಸಬೇಕು, ಅಹವಾಲು ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿಯು ದೂರು ತಲುಪಿದುದನ್ನು 48 ಗಂಟೆಗಳೊಳಗೆ ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಇಷ್ಟೆಲ್ಲ ಬಿಗಿ ಏತಕ್ಕೆ ಎಂದು ಕೇಳುವವರುಂಟು. ಮೂರು ಉದಾಹರಣೆಗಳು ಸಾಕು. ರೇಬೀಸ್ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ತಗಡಿನ ಮಾಡಿನ ಗೋದಾಮಿನಲ್ಲಿ ವೈಶಾಖದ ಬಿಸಿಲಿಗೆ ಬೆಂದ ಲಸಿಕೆ ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ. ಗುಣ ಮಾತ್ರ ಹೋಗಿರುತ್ತದೆ. ನಾಯಿಗೆ ರಕ್ಷಣೆಯಿದೆಯೆಂದು ನಂಬಿದ ಮನೆಯ ಮಕ್ಕಳಿಗೆ ಅದರಿಂದ ಪ್ರಾಣಾಪಾಯ. ರೋಗಲಕ್ಷಣ ತೋರಿದ ಮೇಲೆ ರೇಬೀಸಿಗೆ ಚಿಕಿತ್ಸೆಯಿಲ್ಲ. ಎರಡನೆಯದಾಗಿ, ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ವಿಷ. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆತ್ರಿನ್ ಬೆಕ್ಕಿಗೆ ಮಾರಕ. ಮೂರನೆಯದು ರಣಹದ್ದುಗಳ ಕಥೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಮದ್ದು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಕುಲವನ್ನೇ ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ಪ್ರಾಣಿಗಳಿಗಾಗಿ ಅದರ ಬಳಕೆಯನ್ನು ನಿಲ್ಲಿಸಿದರೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗಳನ್ನು ಸೇರುತ್ತಿದ್ದುದರಿಂದ, 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿಗೆ ಮಿತಗೊಳಿಸಬೇಕಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳನ್ನೂ ಪ್ರಾಣಿಗಳಿಗೆ ನಿಷೇಧಿಸಲಾಯಿತು.

ಅಂತರ್ಜಾಲದ ವ್ಯಾಪಾರವೇ ಕೇಡೆಂದು ಇದರ ಅರ್ಥವಲ್ಲ. ನಿತ್ಯದ ಆಹಾರವನ್ನು ಮನೆಗೆ ತರಿಸಿಕೊಳ್ಳುವುದು ವೃದ್ಧರಿಗೂ ದುಡಿಯುವ ದಂಪತಿಗಳಿಗೂ ದೊಡ್ಡ ಅನುಕೂಲ. ಆದರೆ ವಸ್ತುವಿನ ಜಾತಿಗೆ ತಕ್ಕಂತೆ ಎಚ್ಚರವೂ ಏರಬೇಕು. ಆಹಾರವಾದರೆ ದಿನಾಂಕವನ್ನೂ ತಯಾರಕನ ವಿಳಾಸವನ್ನೂ ನೋಡಿದರೆ ಸಾಕು. ಪೂರಕವಾದರೆ ರೋಗ ಗುಣಪಡಿಸುವ ಭರವಸೆಯಿದೆಯೇ ಎಂದು ಓದಿ, ಇದ್ದರೆ ತಯಾರಿಕೆಯ ಪರವಾನಗಿಯ ಸಂಖ್ಯೆಯನ್ನು ಹುಡುಕಬೇಕು. ಔಷಧವಾದರೆ ಚೀಟಿ ಕೇಳದೆ ಕೊಡುವ ಅಂಗಡಿಯನ್ನು ಬಿಟ್ಟು ನಡೆಯಬೇಕು. ಲಸಿಕೆಯನ್ನಂತೂ ವೈದ್ಯರ ಶೀತಪೆಟ್ಟಿಗೆಯಿಂದಲೇ ಹಾಕಿಸುವುದು ಲೇಸು. ಬಿಲ್ಲನ್ನೂ ತಂಡದ ಸಂಖ್ಯೆಯನ್ನೂ ಜೋಪಾನಮಾಡಿದರೆ ದೂರಿಗೆ ಆಧಾರವಿರುತ್ತದೆ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿಕೊಳ್ಳಬಹುದು. 1940ರ ಕಾಯಿದೆಯ 26ನೆಯ ಕಲಮಿನಂತೆ ಕೊಂಡ ಔಷಧವನ್ನು ಶುಲ್ಕ ತೆತ್ತು ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕೂ ಕೊಂಡವನಿಗಿದೆ; ಇದನ್ನು ಬಲ್ಲವರು ವಿರಳ.

ಕಾನೂನು ಐವರ ಮೇಲೆಯೂ ಒಂದೊಂದು ಹೊಣೆಯನ್ನು ಹೊರಿಸಿದೆ; ಐವರ ನಡುವಣ ಸಂದುಗಳನ್ನು ಮಾತ್ರ ಇನ್ನೂ ಪೂರ್ತಿಯಾಗಿ ಮುಚ್ಚಿಲ್ಲ. ಮಾತು ಬಾರದ ಜೀವವು ತನ್ನ ಮದ್ದಿನ ಚೀಟಿಯನ್ನು ಓದಿಕೊಳ್ಳಲಾರದು. ಅದರ ಪರವಾಗಿ ಓದುವವನು ಅದರ ಒಡೆಯನೇ.